ಶಿರೂರಿನಲ್ಲಿ ವಿಮಾನ ನೂಕಿದ್ದು

“ಕೈ ಹಾಕ್ಬೇಡ.”

ಬೆಳಿಗ್ಗೆಯಿಂದ ಅಶೋಕ ಇದನ್ನು ಎಷ್ಟು ಸಲ ಹೇಳಿದ್ದನೋ, ಮಗಳು ಮೋಕ್ಷಿತಾ ಎಣಿಸಿರಲಿಲ್ಲ. ಅವಳಿಗೆ ನೂರರ ಮೇಲೆ ಲೆಕ್ಕ ಬರುತ್ತಿರಲಿಲ್ಲ. ಅವಳ ಆರನೇ ಹುಟ್ಟುಹಬ್ಬಕ್ಕೆ ತರಿಸಿದ ವಿಮಾನದ ಕಿಟ್ ಜಗಲಿಯ ತುಂಬ ಹರಡಿತ್ತು. ತೆಳು ಮರದ ರೆಕ್ಕೆ, ಬಾಲ, ರಬ್ಬರ್ ಬ್ಯಾಂಡಿನಿಂದ ತಿರುಗುವ ಫ್ಯಾನು, ಒಂದು ಟ್ಯೂಬ್ ಗಮ್ಮು. ‘ಮಕ್ಕಳು ದೊಡ್ಡವರ ನೆರವಿನಿಂದ ಜೋಡಿಸತಕ್ಕದ್ದು’ ಎಂದು ಪೆಟ್ಟಿಗೆಯ ಮೇಲಿತ್ತು. ಜಗಲಿಯಲ್ಲಿ ನಡೆಯುತ್ತಿದ್ದದ್ದು ಅದರ ತಿರುಗಾಮುರುಗಾ. ನೆರವು ಎಂದರೆ, ಮೋಕ್ಷಿತಾ ಗಮ್ಮಿನ ಮುಚ್ಚಳ ಹಿಡಿದುಕೊಂಡು ಕೂತಿದ್ದಳು.

“ಅಪ್ಪ, ಈ ರೆಕ್ಕೆ ನಾ ಅಂಟ್ಸ್ತೆ.”

“ಇದ್ ಕಷ್ಟದ್ದ್ ಮಗಾ. ಮುಂದಿಂದ್ ನೀ ಅಂಟ್ಸ್.”

ಮುಂದಿನದು ಬಂದಾಗ ಅದು ಇನ್ನೂ ಕಷ್ಟದ್ದಾಗಿರುತ್ತಿತ್ತು. ಮೀನಿನ ವ್ಯಾನು ಓಡಿಸುವ ಅಶೋಕನಿಗೆ ಸಿಕ್ಕಿದ್ದು ಒಂದು ದಿನದ ರಜೆ. ಚಿಕ್ಕವನಿದ್ದಾಗ ತೆಂಗಿನ ಗರಿಯಲ್ಲಿ ಅವನು ಮಾಡಿದ ವಿಮಾನಗಳಲ್ಲಿ ಒಂದೂ ಹಾರಿರಲಿಲ್ಲ.

“ಅದ್ ಯಾರಿಗ್ ತಂದದ್ದಾ ಅಶೋಕ?” ಅಂಗಳದಲ್ಲಿ ಮೀನು ಕೊಯ್ಯುತ್ತಿದ್ದ ತಾಯಿ ವನಜ ಕೇಳಿದಳು.

“ಮೋಕ್ಷಿತಾಳಿಗೇ ಅಮ್ಮ, ಮತ್ತ್ಯಾರಿಗೆ?”

“ಹೌದಾ? ನಾ ಮೂವತ್ತಾರ್ ವರ್ಷದ್ ಒಂದ್ ಗಂಡಿಗ್ ತಂದದ್ದ್ ಅಂದೇಳಿ ಗ್ರಹಿಸ್ದೆ.”

ಕೊನೆಗೆ ಉಳಿದದ್ದು ಬಾಲಕ್ಕೆ ಹಚ್ಚುವ ಕೆಂಪು ಸ್ಟಿಕ್ಕರ್. “ಇದಾರೂ?” ಎಂದಳು ಮೋಕ್ಷಿತಾ. “ಸೊಟ್ಟ ಆತ್ತ್ ಮಗಾ” ಎಂದು ಅಶೋಕ ಅದನ್ನೂ ತಾನೇ ಹಚ್ಚಿದ. ನೆಟ್ಟಗೇ ಬಂತು. ಅವಳು ಮುಚ್ಚಳವನ್ನು ಕೆಳಗಿಟ್ಟು ಕಡಲ ಕಡೆಗೆ ನಡೆದಳು.

ಬಿಸಿಲು ಇಳಿಯುವ ಹೊತ್ತಿಗೆ ಅಶೋಕ ಬಾಣಂತಿಯ ಕೈಯಿಂದ ಕೂಸು ತೆಗೆದುಕೊಂಡವನ ಹಾಗೆ ವಿಮಾನವನ್ನು ಎರಡೂ ಅಂಗೈಯಲ್ಲಿಟ್ಟುಕೊಂಡು ಬಂದ. ಮರಳಿನ ಮೇಲೆ ಎಳೆದಿಟ್ಟ ದೋಣಿಯೊಂದರ ಪಕ್ಕ ನಿಂತು, ರಬ್ಬರ್ ಬ್ಯಾಂಡು ಬಿಗಿಯಾಗುವವರೆಗೆ ಫ್ಯಾನು ತಿರುಗಿಸಿ, ಕೈ ಎತ್ತಿದ.

“ನಿಲ್ಲ್ ಅಪ್ಪ! ಒಬ್ಬನೇ ನೂಕುಕಾತ್ತಾ?”

“ನೂಕುದಲ್ಲ ಮಗಾ, ಬಿಡುದ್. ಗಾಳಿಗೆ ಬಿಡುದ್.”

“ಹೊಸ್ತಲ್ದಾ ಇದ್?”

“ಹೌದ್.”

“ಮತ್ತೆ? ಹೊಸ ದೋಣಿ ಒಬ್ರೇ ಇಳ್ಸ್ತ್ರಾ?”

ಅವಳು ಹುಟ್ಟಿದಾಗಿನಿಂದ ಕಂಡದ್ದು ಅದೊಂದೇ ಕ್ರಮ. ಹೊಸ ದೋಣಿ ನೀರಿಗಿಳಿಯುವಾಗ ಅಲ್ಲಿದ್ದವರೆಲ್ಲ ಬಂದು ಕೈ ಹಾಕಬೇಕು. ಹಾಕದೆ ನಿಂತವನನ್ನು ಯಾರೂ ಬಯ್ಯುವುದಿಲ್ಲ, ನೋಡುತ್ತಾರೆ, ಅಷ್ಟೆ. ವಿಮಾನದ ವಿಷಯವೇ ಬೇರೆ ಎಂದು ಅಶೋಕ ಗಾಳಿ, ಒತ್ತಡ ಎಂದೆಲ್ಲ ವಿವರಿಸಲು ಶುರು ಮಾಡುವಷ್ಟರಲ್ಲಿ ಅವಳ ಕೂಗು ಎದ್ದಾಗಿತ್ತು.

“ಹ್ವಾಯ್ ಚಂದಯ್ಯಜ್ಜ! ಬನ್ನಿ, ವಿಮಾನ ನೂಕುಕಿತ್ತ್!”

ಬಲೆ ಸರಿಮಾಡುತ್ತಿದ್ದ ಚಂದಯ್ಯ ತಲೆ ಎತ್ತಿದ. ನೂಕಲು ಕರೆದಾಗ ಏನನ್ನು ಎಂದು ಕೇಳುವ ಅಭ್ಯಾಸ ಅವನಿಗೆ ಇರಲಿಲ್ಲ. ಎದ್ದು ಬಂದ. ಬಲೆಯ ಆಚೆ ತುದಿಯಲ್ಲಿ ಕೂತಿದ್ದ ಇಬ್ಬರು ಅವನ ಹಿಂದೆ ಬಂದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ವನಜಳೂ ಬಂದಳು.

“ಎಷ್ಟ್ ಭಾರ ಇತ್ತಾ?” ಚಂದಯ್ಯ ಗಂಭೀರವಾಗಿ ವಿಚಾರಿಸಿದ.

“ಒಂದ್ ಬಂಗ್ಡೆಯಷ್ಟಿಲ್ಲ” ಎಂದ ಅಶೋಕ, ನಾಚಿಕೆಯಿಂದ.

“ಹಾಂಗಾರೆ ಆರ್ ಜನ ಸಾಕ್.”

ಮೋಕ್ಷಿತಾ ಒಬ್ಬೊಬ್ಬರಿಗೂ ಜಾಗ ತೋರಿಸಿದಳು. ರೆಕ್ಕೆಗೆ ಬಲೆಯವರಿಬ್ಬರು, ಹೊಟ್ಟೆಗೆ ಚಂದಯ್ಯ, ಬಾಲಕ್ಕೆ ಅಜ್ಜಿ. ಬಿಟ್ಟರೆ ತಿರುಗಿಬಿಡುತ್ತದೆಂದು ಅಶೋಕ ಫ್ಯಾನನ್ನು ಹಿಡಿದುಕೊಂಡಿದ್ದ; “ಮೆಲ್ಲ, ಮೆಲ್ಲ” ಎನ್ನುವುದನ್ನು ಬಿಟ್ಟರೆ ಅವನಿಗೆ ಬೇರೆ ಕೆಲಸ ಉಳಿದಿರಲಿಲ್ಲ. ದೊಡ್ಡವರ ಮೊಣಕೈಗಳ ಅಡಿಯಿಂದ ನುಗ್ಗಿ ಬಂದ ಮೋಕ್ಷಿತಾ, ತುದಿಗಾಲಲ್ಲಿ ನಿಂತು, ತನ್ನ ಅಂಗೈಯನ್ನು ವಿಮಾನಕ್ಕೆ ಆನಿಸಿದಳು. ಬೆಳಿಗ್ಗೆಯಿಂದ ಅವಳು ಅದನ್ನು ಮುಟ್ಟಿದ್ದು ಆಗಲೇ.

“ಐಸಾ!” ಎಂದ ಚಂದಯ್ಯ.

“ಹೋ!” ಎಂದರು ಉಳಿದವರು.

ದೋಣಿಗಳನ್ನು ಕಡಲಿಗೆ ತಳ್ಳಿ ಪಳಗಿದ ಕೈಗಳು ಒಮ್ಮೆಗೇ ಮುಂದೆ ಹೋದವು. ವಿಮಾನ ಫ್ಯಾನಿನ ಹಂಗಿಲ್ಲದೆ ಮೇಲಕ್ಕೆ ಚಿಮ್ಮಿತು. ಹಾರಿತು. ನಿಜವಾಗಿಯೂ ಹಾರಿತು. “ಹಾರ್ತಾ ಇತ್ತ್! ಅಮ್ಮ, ಕಾಣ್, ಹಾರ್ತಾ ಇತ್ತ್!” ಎಂದು ಕಿರುಚಿದ್ದು ಆರು ವರ್ಷದವಳಲ್ಲ. ಅಷ್ಟರಲ್ಲಿ ಅದು ಎಡಕ್ಕೆ ವಾಲಿ, ಸುತ್ತು ಹೊಡೆದು ಹಿಂದಿರುಗಿ, ಎಳೆದಿಟ್ಟ ದೋಣಿಯ ಪಕ್ಕೆಗೆ ಮೂತಿ ಗುದ್ದಿ ಮರಳಿಗೆ ಬಿತ್ತು.

ಯಾರೂ ಅಶೋಕನ ಮುಖ ನೋಡಲಿಲ್ಲ. ಚಂದಯ್ಯ ತನ್ನ ಅಂಗೈಯನ್ನು ತಿರುಗಿಸಿ ಪರೀಕ್ಷಿಸಿದ.

“ನಾ ಮೆಲ್ಲಗೇ ನೂಕಿದ್ದ್.”

“ನೀವ್ ಮೆಲ್ಲಗ್ ನೂಕಿದ್ದಕ್ಕೆ ಇಷ್ಟಾರೂ ಉಳೀತ್” ಎಂದಳು ವನಜ.

ಮೋಕ್ಷಿತಾ ಆಗಲೇ ಓಡಿಹೋಗಿ, ಇವರ ಕಡೆಗೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತಿದ್ದಳು. ಅಳುತ್ತಿರಬೇಕೆಂದು ಎಲ್ಲರೂ ಅತ್ತ ಹೋಗಲು ಹಿಂಜರಿದರು. ಒಂದು ಕಡೆ ರೆಕ್ಕೆ, ಒಂದು ಕಡೆ ಬಾಲ, ಎಲ್ಲವನ್ನೂ ಹುಡುಕಿ ಹುಡುಕಿ ಅವಳು ಫ್ರಾಕಿನ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅಶೋಕ ತನ್ನ ಸಂಕಟವನ್ನು ನುಂಗಿಕೊಂಡು, ಅಳುವ ಮಗುವಿಗೆ ಹೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಅವಳ ಹತ್ತಿರ ಹೋಗಿ ಕೂತ.

ಅವಳು ತಿರುಗಿದಳು. ಕಣ್ಣಲ್ಲಿ ನೀರಿನ ಸುಳಿವೂ ಇಲ್ಲ. ಮುಖದ ತುಂಬ ಹಬ್ಬ.

“ಅಪ್ಪ, ಕಾಣ್! ಎಲ್ಲ ಬಿಟ್ಕಂಡಿತ್ತ್! ಇನ್ನ್ ನಾ ಅಂಟ್ಸ್ತೆ.”