ನೀಲಿ ಎಳೆ

ಮಾರ್ಚ್ ಬಿಸಿಲು ಏರುವ ಮೊದಲೇ ಚಡಚಣದ ಕಡೆಯ ಒಣದ್ರಾಕ್ಷಿ ಇಂಡಿ ಊರಿನ ಶೆಡ್ಡಿಗೆ ಬಂದು ಬಿದ್ದಿತ್ತು. ಹಮಾಲರು ಕುಡುಗೋಲಿನಿಂದ ಚೀಲ ಸೀಳಿ ಸುರಿದಂತೆಲ್ಲ ಬೆಲ್ಟು ದ್ರಾಕ್ಷಿ ಹೊತ್ತು ಸಾಗುತ್ತಿತ್ತು. ಎರಡೂ ಬದಿಗೆ ಕೂತ ಹೆಂಗಸರು ತೊಟ್ಟು, ಹರಳು ಆರಿಸುತ್ತಿದ್ದರು. ಸಾವಕಾರ ಬಸಂತರಾಯ ಬಂದವನೇ ಬೆಲ್ಟು ನಿಲ್ಲಿಸಿ, ಕೈಯಲ್ಲಿದ್ದ ನೀಲಿ ಎಳೆಗಳನ್ನು ಆರಿಸುವವರಲ್ಲೊಬ್ಬಳಾದ ಆಯೇಶಾಳ ತಲೆ ಮೇಲಿನ ನೀಲಿ ಓಢಣಿಗೆ ಹಿಡಿದು ನೋಡಿದ.

"ಪ್ಲಾಸ್ಟಿಕ್ ಎಳಿ ಅದಾವಂತ ಮುಂಬೈದಿಂದ ಮಾಲು ತಿರುಗಿ ಬಂತು. ಇವು ನಿನ್ನ ಓಢಣಿವು. ಏಳು ಮ್ಯಾಲ."

"ನನ್ನ ಓಢಣಿ ಎಳಿ ಬಿಟ್ಟಿಲ್ರಿ."

"ಬಣ್ಣ ಒಂದ ಐತಲ್ಲ."

"ಆಕಾಶಾನೂ ನೀಲಿ ಐತ್ರಿ ಸಾವ್ಕಾರ್ರ. ಅದನ್ನೂ ಕೆಲಸಾ ಬಿಡಸ್ರಿ."

ಹೆಂಗಸರು ಸೆರಗಿನೊಳಗೆ ನಕ್ಕರು. ಬಸಂತರಾಯನ ಮುಖ ಕೆಂಪಾಯಿತು. "ನಾಳಿಂದ ಬರಬ್ಯಾಡ."

ಆಯೇಶಾ ಎದ್ದಳು. ಆದರೆ ಅವನ ಕೈಯಿಂದ ಎರಡು ಎಳೆ ಕಿತ್ತುಕೊಂಡೇ ಎದ್ದಳು. ಪಕ್ಕದಲ್ಲಿ ಕೂತಿದ್ದ ಬಾಳಮ್ಮ ಹಮಾಲರು ಸೀಳಿದ ಖಾಲಿ ಪ್ಲಾಸ್ಟಿಕ್ ಚೀಲದ ನೀಲಿ ಪಟ್ಟಿಯಿಂದ ಒಂದು ತುಣುಕು ಹರಿದು ಅವಳ ಕೈಗಿಟ್ಟಳು. "ವಿಜಯಪುರಕ್ಕ ನನ್ನ ಮಗಳು ಸುನಂದಾನ ಹತ್ರ ಹೋಗು. ಆಕಿ ಕಾಲೇಜಿನಾಗ ಇಂಥಾದ್ದು ನೋಡೂ ಮಶೀನ್ ಐತಿ."

ಆ ಮಧ್ಯಾಹ್ನವೇ ವಿಜಯಪುರದ ಕಾಲೇಜಿನಲ್ಲಿ ಸುನಂದಾ ಓಢಣಿಯ ಚೂರು, ಎಳೆ, ಚೀಲದ ತುಣುಕು ಒಂದೊಂದಾಗಿ ಮಶೀನಿನ ಮೊನೆಯಡಿ ಒತ್ತಿದಳು. ಪರದೆಯ ಮೇಲೆ ಮೂರು ಗೆರೆ ಮೂಡಿದವು.

"ನೋಡು ಚಿಗವ್ವ, ಕಣ್ಣಿಗೆ ಕಾಣದ ಬೆಳಕು ಬಿಟ್ಟೇನಿ. ಒಂದೊಂದು ಪ್ಲಾಸ್ಟಿಕ್ಕು ಅದರಾಗ ತನಗ ಬೇಕಾದಷ್ಟ ನುಂಗತೈತಿ. ನಿನ್ನ ಓಢಣಿ ಪಾಲಿಯೆಸ್ಟರು, ಅದಕ್ಕ ಇಲ್ಲಿ ಆಳಕ್ಕ ತಗ್ಗು ಬಿದ್ದೈತಿ. ಎಳಿಗೆ ಆ ತಗ್ಗ ಇಲ್ಲ. ಅದು ಪಾಲಿಪ್ರೊಪಿಲೀನು. ಚೀಲಾನೂ ಅದ."

"ಮತ್ತ ಬಣ್ಣ?"

"ಬಣ್ಣದ ಮಾತು ಈ ಮಶೀನ್ ಕೇಳಂಗಿಲ್ಲ. ಎಳಿ ಇದ ಚೀಲದ್ದಂತ ಆಣಿ ಮಾಡಿ ಹೇಳಾಕಾಗೂದಿಲ್ಲ. ನಿನ್ನ ಓಢಣಿದಲ್ಲ ಅನ್ನೂದು ಮಾತ್ರ ಖರೆ."

ಮರುದಿನ ಬೆಳಿಗ್ಗೆ ಆಯೇಶಾ ಸುನಂದಾ ಅಂದದ್ದನ್ನು ಹೇಳುತ್ತ ಮೊಬೈಲಿನಲ್ಲಿ ತೋರಿಸಿದ ಆ ಗೆರೆಗಳನ್ನು ಬಸಂತರಾಯ ಬಹಳ ಹೊತ್ತು ನೋಡಿದ. ಹಮಾಲರ ಕಡೆ ತಿರುಗಿ, "ಚೀಲ ಸೀಳಬ್ಯಾಡ್ರಿ, ಹೊಲಿಗಿ ಬಿಚ್ಚರಿ" ಅಂದ. ಆಮೇಲೆ ಅವಳ ಮುಖ ನೋಡದೆ, "ಹೋಗಿ ಕೂಡು."

"ಎಲ್ಲಾರ ಮುಂದ ಎಬ್ಬಿಸೀರಿ. ಎಲ್ಲಾರ ಮುಂದ ತಪ್ಪಾತು ಅನ್ರಿ, ಕೂಡ್ತೇನಿ."

"ನಿನ್ನಿ ಪಗಾರ ಹಿಡಿಯಂಗಿಲ್ಲ. ಸಾಕಲ್ಲ?"

"ಪಗಾರ ಕೇಳಿಲ್ರಿ ನಾ."

ಬಸಂತರಾಯ ಹೋಗಿ ಬೆಲ್ಟು ಚಾಲೂ ಮಾಡುವ ಗುಂಡಿ ಒತ್ತಿದ. ಆಯೇಶಾ ನಿಂತೇ ಇದ್ದಳು. ಬಾಳಮ್ಮ ಎರಡೂ ಕೈ ಮಡಿಲಿಗೆ ಎಳೆದುಕೊಂಡಳು. ಅವಳ ಪಕ್ಕದವಳೂ ಎಳೆದುಕೊಂಡಳು. ಆಮೇಲೆ ಆಚೆ ಬದಿಯವರೂ. ಯಾರೂ ಮುಟ್ಟದ ದ್ರಾಕ್ಷಿ ತೊಟ್ಟು, ಹರಳು ಸಮೇತ ಸಾಗಿ, ಮುಂಬೈಗೆ ಹೋಗುವ ಪೆಟ್ಟಿಗೆಯೊಳಗೆ ಸುರಿಯತೊಡಗಿತು.