ತಳ್ಳುವವಳು

"ಇಳಿದುಬಿಡಿ, ಮಿಸ್ ವರ್ನಾ. ನಮ್ಮ ಹುಡುಗರು ಯಾರಾದ್ರೂ ಈ ಟ್ರಕ್ಕಲ್ಲಿ ಕಾರನ್ನ ತಳ್ತಾರೆ," ಎಂದು ಬರ್ಲ್ ಟ್ರಕ್ಕಿನ ಕಿಟಕಿಗೆ ಮೊಣಕೈ ಊರಿದ. ಹಳೆಯ ರೇಸ್ ಕಾರುಗಳ ಆ ವರ್ಷದ ಕೂಟಕ್ಕೆ ಅವನೇ ಯಜಮಾನ.

ವರ್ನಾ ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ. "ನಿಮ್ಮ ಹುಡುಗರು ಅಂದ್ರೆ ಯಾರಪ್ಪ? ಅಲ್ಲಿ ಮಂಡಿ ಹಿಡ್ಕೊಂಡು ಕೂತಿದಾರಲ್ಲ, ಅವರಾ?"

"ನಿಮಗೆ ಎಂಬತ್ತು ದಾಟಿದೆ."

"ಟ್ರಕ್ಕಿಗೂ ವಯಸ್ಸಾಗಿದೆ. ಅದನ್ನೇನೂ ಮನೆಗೆ ಹೋಗು ಅಂತಿಲ್ಲವಲ್ಲ ನೀನು."

ಟ್ರಕ್ಕಿನ ಮುಂದೆ ಹಳದಿ ಕಾರು ಮಿಡತೆಯ ಹಾಗೆ ಉದ್ದಕ್ಕೆ, ತೆಳ್ಳಗೆ ಮೈ ಚಾಚಿ ನಿಂತಿತ್ತು. ಮುಂದೆ ಮುಚ್ಚಳವಿಲ್ಲದ ಇಂಜಿನ್ನು, ಹಿಂದಿನ ಗಾಲಿಗಳಿಗಿಂತಲೂ ಹಿಂದೆ ಓಡಿಸುವವನ ಸೀಟು. ವರ್ನಾಳ ಗಂಡ ಹಾರ್ಲನ್ ಹಿತ್ತಲಿನ ಶೆಡ್ಡಿನಲ್ಲಿ ತನ್ನ ಕೈಯಾರೆ ಬೆಸೆದು ಕಟ್ಟಿದ ಕಾರು. ಅವನು ಮಾರಿದ ಮೇಲೆ ಅದು ಯಾವುದೋ ಬಾದಾಮಿ ತೋಟದ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಗೂಡಾಗಿತ್ತು. ಆ ಕಾಲದಲ್ಲಿ ಬೇಲಿಯಾಚೆ ನಿಂತು ಓಟ ನೋಡುತ್ತಿದ್ದ ಕ್ಲೀಟ್ ಅದನ್ನು ಹುಡುಕಿ ತಂದು, ಒಂದೊಂದು ಕೊಳವೆಯನ್ನೂ ಉಜ್ಜಿ, ಮೊದಲಿದ್ದಂತೆಯೇ ಎಬ್ಬಿಸಿ ನಿಲ್ಲಿಸಿದ. ಅಷ್ಟರಲ್ಲಿ ಹಾರ್ಲನ್ ಕಣ್ಣು ಮುಚ್ಚಿದ್ದ. ಇವತ್ತು ಸೀಟಿನಲ್ಲಿ ಕ್ಲೀಟ್ ಕೂತಿದ್ದಾನೆ. ಕೂತಿದ್ದಾನೆ ಅನ್ನುವುದಕ್ಕಿಂತ ತುರುಕಿಕೊಂಡಿದ್ದಾನೆ ಅನ್ನಬೇಕು.

"ಉಸಿರಾಡೋಕಾಗುತ್ತೇನೋ ಕ್ಲೀಟ್?" ವರ್ನಾ ಕಿಟಕಿಯಿಂದ ಕೂಗಿದಳು.

"ಎಳ್ಕೋಬಹುದು, ಮಿಸ್ ವರ್ನಾ. ಬಿಡೋಕಾಗಲ್ಲ." ಆಮೇಲೆ ಬರ್ಲ್ ಕಡೆ ಕತ್ತು ತಿರುಗಿಸಿದ. "ಅವರು ತಳ್ಳದಿದ್ರೆ ನಾನು ಇದನ್ನ ಹಚ್ಚೋದೇ ಇಲ್ಲ. ಆಗೆಲ್ಲ ಬೇಲಿ ಹತ್ರ ನಿಂತವರು ಹಾರ್ಲನ್ನನ್ನ ನೋಡ್ತಿದ್ರು. ನಾನು ಈ ಟ್ರಕ್ಕನ್ನ ನೋಡ್ತಿದ್ದೆ. ಮಲಗಿದ ಮಗೂನ ತೊಟ್ಟಿಲಿಗೆ ಕೈ ಇಟ್ಟ ಹಾಗೆ ಬಂದು ಮುಟ್ಟೋದು."

"ನೀನು ಅದನ್ನಾದ್ರೂ ನೋಡಿದೀಯ," ಅಂದಳು ವರ್ನಾ. "ನಾನು ಅಷ್ಟು ವರ್ಷ ತಳ್ಳಿದ್ರೂ ಹಾರ್ಲನ್‌ದು ಒಂದು ಓಟಾನೂ ನೋಡಲಿಲ್ಲ. ನನಗೆ ಸಿಕ್ಕಿದ್ದು ಬರೀ ಹೊಗೆ. ಅವನನ್ನ ಕರ್ಕೊಂಡು ಬರೋಕೆ ಪಕ್ಕದ ದಾರೀಲಿ ಓಟ ಮುಗಿಯೋ ಆ ತುದಿಗೆ ಹೋಗ್ತಿದ್ದೆ. ಅವನು ಬಂದು ಟ್ರಕ್ಕಲ್ಲಿ ಕೂತು ನೀರು ಕುಡಿಯೋನು. ಹೇಗೆ ಓಡಿತು ಅಂತ ಕೇಳಿದ್ರೆ, ಗೆದ್ದರೂ ಅಷ್ಟೇ, ಸೋತರೂ ಅಷ್ಟೇ, ಒಂದೇ ಮಾತು. ನೆಟ್ಟಗೆ."

ಬರ್ಲ್ ಕಿಟಕಿಯಿಂದ ಮೊಣಕೈ ತೆಗೆದ. "ಒಂದೇ ಸಲ. ಹತ್ತದಿದ್ರೆ ಹಗ್ಗ ಕಟ್ಟಿ ಆಚೆಗೆ ಎಳೆಸಿಬಿಡ್ತೀನಿ. ಹಿಂದೆ ಸಾಲು ನಿಂತಿದೆ."

ಆ ಕಾಲದ ಕಾರುಗಳಿಗೆ ತಾವಾಗಿ ಹೊತ್ತಿಕೊಳ್ಳುವ ಸಾಧನವಿರಲಿಲ್ಲ. ಹಿಂದಿನಿಂದ ಯಾರಾದರೂ ತಳ್ಳಬೇಕು. ವೇಗ ಕೂಡಿ, ಇಂಜಿನ್ನಿನ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಏರಿದ ಮೇಲೆ ಕೂತವನು ಕಿಡಿ ಕೊಡಬೇಕು. ಆ ಗಳಿಗೆಗೆ ಸರಿಯಾಗಿ ತಳ್ಳುವವರು ಬಿಟ್ಟುಬಿಡಬೇಕು. ಬೇಗ ಬಿಟ್ಟರೆ ಕಾರು ಹತ್ತದು, ತಡವಾದರೆ ಕಾರು, ಟ್ರಕ್ಕು ಎರಡೂ ಮುಗ್ಗರಿಸುತ್ತವೆ. ವರ್ನಾ ಗೇರು ಹಾಕಿದಳು. ಬಂಪರು ತಾಗಿದ್ದು ಕ್ಲೀಟ್‌ನ ಬೆನ್ನಿಗೆ ತಿಳಿಯಲಿಲ್ಲ. ನೆಲ ಸರಿಯತೊಡಗಿದಾಗಲೇ ಗೊತ್ತಾಯಿತು. ಬೇಲಿಯ ಕಂಬಗಳು ಒಂದರೊಳಗೊಂದು ಸೇರತೊಡಗಿದವು. ಹೆಲ್ಮೆಟ್ಟಿನ ಹಿಂಭಾಗವೊಂದನ್ನೇ ನೋಡುತ್ತ ವರ್ನಾ ಕಾದಳು. ಅವಳ ತುಟಿ ಅಲುಗುತ್ತಿತ್ತು. ಹಾರ್ಲನ್ ಇದ್ದಾಗಿನಿಂದಲೂ ಅವಳ ಪ್ರಾರ್ಥನೆ ಅಷ್ಟೇ ಉದ್ದದ್ದು: "ಇಲ್ಲಿ ತನಕ ನನ್ನವನು, ದೇವರೇ. ಇಲ್ಲಿಂದಾಚೆ ನಿನ್ನವನು."

ಕ್ಲೀಟ್ ಕೈ ಎತ್ತಿದ. ವರ್ನಾ ಬಿಟ್ಟಳು.

ಒಂದು ಕೆಮ್ಮು, ಇನ್ನೊಂದು ಕೆಮ್ಮು. ಬರ್ಲ್ ಹಗ್ಗದ ಕಡೆ ನೋಡುವಷ್ಟರಲ್ಲಿ ಇಂಜಿನ್ನಿನ ಎಂಟು ಹೊಗೆಕೊಳವೆಗಳೂ ಒಟ್ಟಿಗೆ ಬಾಯಿಬಿಟ್ಟವು. ಆ ಸದ್ದು ಕಿವಿಗೆ ಬರಲಿಲ್ಲ, ನೇರ ಎದೆಗೂಡಿಗೆ ಬಂತು. ಇಂಧನದ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಬೇಲಿಗೆ ಒರಗಿದ್ದ ಮುದುಕರು ಹಿಂದೆ ಸರಿಯುವ ಬದಲು ಮುಖವನ್ನು ಇನ್ನಷ್ಟು ಮುಂದೆ ಚಾಚಿದರು. ಒಬ್ಬ ಟೋಪಿ ತೆಗೆದ; ಅವನನ್ನು ನೋಡಿ ಉಳಿದವರೂ ತೆಗೆದರು. ಕಾರು ಓಟ ಶುರುವಾಗುವ ಗೆರೆಯವರೆಗೆ ಉರುಳಿ ನಿಂತಿತು. ಇವತ್ತು ಓಟವಿಲ್ಲ. ಗೆರೆಯ ಮೇಲೆ ನಿಂತು, ತುಂಬಿದಷ್ಟು ಇಂಧನ ಮುಗಿಯುವವರೆಗೆ ಗುಡುಗಿ ಸುಮ್ಮನಾಗುವುದು, ಅಷ್ಟೇ. ಹಳದಿ ಕಾರು ಅಷ್ಟನ್ನೂ ಗುಡುಗಿ ಸುಮ್ಮನಾಯಿತು.

ಕ್ಲೀಟ್ ಹೆಲ್ಮೆಟ್ ತೆಗೆದು ಹಿಂದೆ ತಿರುಗಿದ. ಟ್ರಕ್ಕು ಇರಲಿಲ್ಲ.

"ಅಲ್ನೋಡು," ಅಂದ ಬರ್ಲ್. ಕಾಲು ಮೈಲಿಯಾಚೆ, ಓಟದ ಡಾಂಬರು ಪಟ್ಟಿ ಮುಗಿದು ಒಣಹುಲ್ಲು ಶುರುವಾಗುವಲ್ಲಿ, ಹಸಿರು ಟ್ರಕ್ಕು ಈ ಕಡೆ ಮುಖಮಾಡಿ ನಿಂತಿತ್ತು. ಪಕ್ಕದ ಸೀಟಿನ ಬಾಗಿಲು ತೆರೆದಿತ್ತು. "ಯಾರೂ ಓಡಲ್ಲ ಅಂತ ಬೆಳಗ್ಗೇನೇ ಹೇಳಿದ್ನಲ್ಲಪ್ಪ. ಅವರನ್ನ ಕರ್ಕೊಂಡು ಬರೋಕೆ ಯಾರನ್ನಾದ್ರೂ ಕಳಿಸ್ತೀನಿ."

"ಬೇಡ," ಅಂದ ಕ್ಲೀಟ್. "ಮೊದಲು ನನ್ನನ್ನ ಇದರಿಂದ ಕೀಳು."

ಇಬ್ಬರು ತೋಳು ಹಿಡಿದು ಎಳೆದ ಮೇಲೆ ಅವನು ಹೊರಬಂದ. ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು, ಬೆಂಕಿ ತಾಗದಿರಲೆಂದು ಹೊಲಿಸಿದ ಆ ದಪ್ಪ ಉಡುಪಿನಲ್ಲೇ, ಬಿಸಿಲಿಗೆ ಕಾದ ಪಟ್ಟಿಯ ನಡುಮಧ್ಯದಲ್ಲಿ ನಡೆದ. ಎರಡು ಸಲ ನಿಂತು ಸುಧಾರಿಸಿಕೊಂಡ. ಟ್ರಕ್ಕಿನ ಹತ್ತಿರ ಬರುವಷ್ಟರಲ್ಲಿ ಮುಖ ಕೆಂಡದ ಹಾಗಾಗಿತ್ತು.

ವರ್ನಾ ಅವನನ್ನು ನೋಡಿದಳು. ಅವನ ಹಿಂದೆ, ದೂರದಲ್ಲಿ, ಗೆರೆಯ ಮೇಲೆ ಇದ್ದಲ್ಲೇ ಇದ್ದ ಹಳದಿ ಕಾರನ್ನೂ ನೋಡಿದಳು.

"ಹೇಗೆ ಓಡಿತು?"

ಕ್ಲೀಟ್ ಏದುಸಿರು ಬಿಡುತ್ತ ಬಾಗಿಲು ಹಿಡಿದುಕೊಂಡ.

"ನೆಟ್ಟಗೆ."

ವರ್ನಾ ಸೀಟಿನ ಮೇಲಿದ್ದ ನೀರಿನ ಜಗ್ಗನ್ನು ಎತ್ತಿ ಅವನಿಗೆ ಜಾಗ ಮಾಡಿದಳು.