ಹಿಮ್ಮೇಳದ ಹುಡುಗಿ

ಧಾರವಾಡದ ಮಹಾರುದ್ರಪ್ಪನವರು ತಮ್ಮ ಸಂಗ್ರಹದ ರೆಕಾರ್ಡುಗಳನ್ನು ಗೆಳೆಯ ಹಳ್ಳಿಕೇರಿಯವರಿಗೆ ಕೇಳಿಸುತ್ತಿದ್ದರು. ಮೊದಲು ಒಂದು ಜಾಝ್, ಅದರ ಬೆನ್ನಿಗೆ ಒಂದು ಜನಪದ. ಎರಡರಲ್ಲಿ ಯಾವುದು ಮೇಲು ಎಂಬುದು ಅವರ ಭಾನುವಾರದ ಚರ್ಚೆ. ಮಹಾರುದ್ರಪ್ಪನವರ ಹೆಂಡತಿ ಗೌರವ್ವ ಪಡಸಾಲೆಯ ಮೂಲೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ಅವರ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ.

ಆ ದಿನ ಮಹಾರುದ್ರಪ್ಪನವರು ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದ ಬೀಸುವ ಪದಗಳ ರೆಕಾರ್ಡು ಹಾಕಿದರು.

"ಜಾಝ್‌ನ್ಯಾಗ ಸ್ಯಾಕ್ಸೊಫೋನು ಮನಷ್ಯಾ ಅತ್ತಂಗ ಅಳತೈತಿ, ಖರೆ. ಆದ್ರ ಇಲ್ಲಿ ಹಿಮ್ಮೇಳದಾಗ ಒಂದು ಹುಡುಗಿ ದನಿ ಐತಿ, ಕೇಳ್ರಿ. ಇದರ ಮುಂದ ನನ್ನ ಜಾಝೆಲ್ಲಾ ಸಪ್ಪಗ."

ಹಳ್ಳಿಕೇರಿಯವರು ಕಣ್ಣು ಮುಚ್ಚಿ ಪದ ಮುಗಿಯುವ ತನಕ ಕೇಳಿದರು. "ಯಾರ್ರೀ ಈಕಿ?"

"ಹೆಸರು ಹಾಕಿಲ್ಲ. ಬರೇ ಹೆಣ್ಣುಮಕ್ಕಳ ಮೇಳ ಅಂತ ಐತಿ. ಭಾಳ ಹುಡುಕೀನಿ. ಇದೊಂದ ರೆಕಾರ್ಡ್ ಆದಮ್ಯಾಲೆ ಆಕಿ ಎಲ್ಲೂ ಹಾಡೇ ಇಲ್ಲ."

"ತೀರಿಕೊಂಡಿರಬೇಕು, ಪಾಪ."

"ಇರಬೇಕು." ಮಹಾರುದ್ರಪ್ಪನವರ ಕಣ್ಣು ತುಂಬಿ ಬಂದಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು. "ಇಲ್ಲಂದ್ರ ಇಂಥಾ ದನಿ ಸುಮ್ಮನ ಯಾಕ ನಿಲ್ಲತೈತಿ?"

ಗೌರವ್ವ ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ಹಾಕಿದರು. ತಲೆ ಎತ್ತಲಿಲ್ಲ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ.

"ನನ್ನ ನೋಡಾಕ ಬಂದ ದಿನ ನೀವ ಹೇಳಿದ್ರಲ್ರಿ, ನಮ್ಮ ಮನಿ ಸೊಸಿ ಮಂದಿ ಮುಂದ ಹಾಡಂಗಿಲ್ಲ ಅಂತ."